‘ಬೇಕೆಂದೇ’ ಮಾಡುವುದು ಎಂದರೇನು?



ತಪಸ್ಸುಕಾಲ ಮುಗಿಯುತ್ತಾ ಬಂದಿದೆ. ಪವಿತ್ರ ವಾರ ಹೊಸ್ತಿಲಲ್ಲಿದೆ. ಪಾಸ್ಖ ಹಬ್ಬಕ್ಕೆ ಮುಂಚೆ ಒಳ್ಳೆಯ ಪಾಪನಿವೇದನೆ ಮಾಡಬೇಕೆಂದು ನಾವೆಲ್ಲರೂ ಆತ್ಮಪರಿಶೋಧನೆಗೆ ಕುಳಿತುಕೊಳ್ಳುವ ದಿನಗಳಿವು. ಹೀಗೆ ಕುಳಿತಾಗ ನಮ್ಮ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯುವ ಒಂದು ಪದವಿದೆ. ನಮ್ಮ ತಪ್ಪನ್ನು ನೆನೆದಾಗ, “ನಾನು ಬೇಕೆಂದೇ ಮಾಡಲಿಲ್ಲ” ಎನ್ನುತ್ತೇವೆ. ಪಕ್ಕದ ಮನೆಯವರ ತಪ್ಪನ್ನು ನೆನೆದಾಗ, “ಅವರು ಬೇಕೆಂದೇ ಮಾಡಿದರು” ಎನ್ನುತ್ತೇವೆ. ಪದ ಒಂದೇ. ಆದರೆ ನಮಗೆ ಒಂದು ತಕ್ಕಡಿ, ಇತರರಿಗೆ ಇನ್ನೊಂದು ತಕ್ಕಡಿ.

ಈ ಚಿಕ್ಕ ಪದದ ಮೇಲೆ ಎಷ್ಟೋ ದೊಡ್ಡ ವಿಷಯಗಳು ನಿಂತಿವೆ. ಒಂದು ಪಾಪ ಮಾರಕವೋ ಅಲ್ಪವೋ, ಒಂದು ವಿವಾಹ ಸಿಂಧುವೋ ಅಲ್ಲವೋ, ಅಣ್ಣತಮ್ಮಂದಿರ ಮನೆಗಳ ನಡುವೆ ಮಾತುಕತೆ ಇರುತ್ತದೋ ನಿಂತುಹೋಗುತ್ತದೋ ಎಂಬುದೆಲ್ಲ ಇದರ ಮೇಲೆ ಅವಲಂಬಿಸಿದೆ. ಆದ್ದರಿಂದ ಈ ಪದದ ಅರ್ಥವನ್ನೂ ಬಳಕೆಯನ್ನೂ ಸ್ವಲ್ಪ ಸಾವಧಾನವಾಗಿ ನೋಡೋಣ.

ಪದ ಏನು ಹೇಳುತ್ತದೆ?

‘ಬೇಕೆಂದೇ’ ಎಂಬುದನ್ನು ಬಿಡಿಸಿದರೆ ಮೂರು ತುಂಡುಗಳು ಸಿಗುತ್ತವೆ: ಬೇಕು, ಎಂದು, ಏ. ‘ಬೇಕು’ ಎಂಬುದು ಇಚ್ಛೆ. ‘ಎಂದು’ ಎಂಬುದು ಮನಸ್ಸು ತನಗೆ ತಾನೇ ಹೇಳಿಕೊಂಡ ಮಾತು. ಕೊನೆಯ ‘ಏ’ ಎಂಬುದು ಒತ್ತು: ಬೇರೆ ಕಾರಣದಿಂದಲ್ಲ, ಅದರಿಂದಲೇ. ಅಂದರೆ, ಕೈ ಕೆಲಸ ಮಾಡುವ ಮೊದಲೇ ಮನಸ್ಸು ಒಳಗೆ “ಇದು ನನಗೆ ಬೇಕು” ಎಂದು ಹೇಳಿತ್ತು. ಕೈ ಆ ಮಾತನ್ನು ಪಾಲಿಸಿತು. ಆಡುಮಾತಿನಲ್ಲಿ ಇದೇ ‘ಬೇಕಂತಲೇ’ ಎಂದೂ ‘ಬೇಕೂಂತಲೇ’ ಎಂದೂ ಆಗುತ್ತದೆ.

ಇದರ ವಿರುದ್ಧ ಪದ ಯಾವುದು? ‘ಬೇಕು’ ಎಂಬುದಕ್ಕೆ ‘ಬೇಡ’ ವಿರುದ್ಧವಾದರೂ, ‘ಬೇಕೆಂದೇ’ ಎಂಬುದಕ್ಕೆ ‘ಬೇಡವೆಂದೇ’ ವಿರುದ್ಧವಲ್ಲ. ನಮ್ಮ ಹಿರಿಯರು ಅದಕ್ಕೆ ಬೇರೆಯೇ ಪದಗಳನ್ನು ಕೊಟ್ಟಿದ್ದಾರೆ: ಕೈತಪ್ಪಿ, ಬಾಯಿತಪ್ಪಿ, ಕಣ್ತಪ್ಪಿನಿಂದ, ಅರಿಯದೆ, ಆಕಸ್ಮಿಕವಾಗಿ. ಲೋಟ ಕೈತಪ್ಪಿ ಬೀಳುತ್ತದೆ, ಮಾತು ಬಾಯಿತಪ್ಪಿ ಬರುತ್ತದೆ, ಲೆಕ್ಕ ಕಣ್ತಪ್ಪಿನಿಂದ ಕೆಡುತ್ತದೆ. ಇಲ್ಲೆಲ್ಲ ತಪ್ಪಿದ್ದು ಕೈ, ಬಾಯಿ, ಕಣ್ಣು. ಮನಸ್ಸು ಆ ಕೆಲಸಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಈ ವ್ಯತ್ಯಾಸವನ್ನು ನಮ್ಮ ಭಾಷೆ ಎಷ್ಟು ಚೆನ್ನಾಗಿ ಬಲ್ಲದು ನೋಡಿ!

ಇದರ ನೆರೆಹೊರೆಯ ಪದಗಳೂ ಇವೆ. ‘ಗೊತ್ತಿದ್ದೂ’, ‘ತಿಳಿದೂ ತಿಳಿದೂ’ ಎಂದಾಗ ನಾವು ಅರಿವಿನ ಬಗ್ಗೆ ಹೇಳುತ್ತೇವೆ. ‘ಸ್ವಇಚ್ಛೆಯಿಂದ’ ಎಂದಾಗ ಯಾರ ಒತ್ತಾಯವೂ ಇರಲಿಲ್ಲ ಎನ್ನುತ್ತೇವೆ. ‘ಉದ್ದೇಶಪೂರ್ವಕ’ ಎಂದಾಗ ಮುಂದಿದ್ದ ಗುರಿಯನ್ನು ತೋರಿಸುತ್ತೇವೆ. ‘ಮನಸಾರೆ’ ಎಂದಾಗ ಅರೆಮನಸ್ಸು ಇರಲಿಲ್ಲ ಎನ್ನುತ್ತೇವೆ. ‘ಬೇಕೆಂದೇ’ ಎಂಬ ಒಂದು ಪದದಲ್ಲಿ ಅರಿವು, ಸ್ವಾತಂತ್ರ್ಯ, ಗುರಿ ಮೂರೂ ಸೇರಿವೆ.

ಆದರೆ ಬಳಕೆಯಲ್ಲಿ ಒಂದು ವಿಚಿತ್ರವಿದೆ. ಒಳ್ಳೆಯ ಕೆಲಸಕ್ಕೆ ನಾವು ಈ ಪದವನ್ನು ಬಳಸುವುದು ಬಹಳ ಕಡಿಮೆ. “ಮನಸಾರೆ ಹರಸಿದರು” ಎನ್ನುತ್ತೇವೆ, “ಬೇಕೆಂದೇ ಹರಸಿದರು” ಎನ್ನುವುದಿಲ್ಲ. “ಬೇಕೆಂದೇ ಬೈದರು, ಬೇಕೆಂದೇ ಕರೆಯಲಿಲ್ಲ, ಬೇಕೆಂದೇ ತಡಮಾಡಿದರು” ಎಂದು ದೂರುವುದಕ್ಕೇ ಇದನ್ನು ಮೀಸಲಿಟ್ಟಿದ್ದೇವೆ. ಇದು ಆಪಾದನೆಯ ಪದವಾಗಿಬಿಟ್ಟಿದೆ. ಪವಿತ್ರ ಗ್ರಂಥದಲ್ಲಿ ಹಾಗಿಲ್ಲ.

ಪವಿತ್ರ ಗ್ರಂಥದಲ್ಲಿ ಒಂದೇ ಪದ, ಎರಡು ಮುಖ

ಹೊಸ ಒಡಂಬಡಿಕೆ ಬರೆಯಲ್ಪಟ್ಟದ್ದು ಗ್ರೀಕ್ ಭಾಷೆಯಲ್ಲಿ. ನಮ್ಮ ‘ಬೇಕೆಂದೇ’ ಎಂಬುದಕ್ಕೆ ಸರಿಹೊಂದುವ ‘ಹೆಕೂಸಿಯೋಸ್’ ಎಂಬ ಪದ ಅಲ್ಲಿ ಎರಡೇ ಎರಡು ಬಾರಿ ಬರುತ್ತದೆ.

ಮೊದಲನೆಯದು ಹಿಬ್ರಿಯರಿಗೆ ಬರೆದ ಪತ್ರದ 10ನೇ ಅಧ್ಯಾಯದ 26ನೇ ವಚನದಲ್ಲಿ. ಸತ್ಯವನ್ನು ಚೆನ್ನಾಗಿ ಅರಿತುಕೊಂಡ ಮೇಲೂ ಬೇಕೆಂದೇ ಪಾಪದಲ್ಲಿ ಮುಂದುವರಿಯುವವರಿಗೆ ಕೊಟ್ಟಿರುವ ಗಂಭೀರ ಎಚ್ಚರಿಕೆ ಅದು. ಎರಡನೆಯದು ಸಂತ ಪೇತ್ರರ ಮೊದಲ ಪತ್ರದ 5ನೇ ಅಧ್ಯಾಯದ 2ನೇ ವಚನದಲ್ಲಿ. ದೇವರ ಮಂದೆಯನ್ನು ಕಾಯುವ ಹಿರಿಯರು ಬಲವಂತಕ್ಕೆ ಅಲ್ಲ, ಲಾಭದಾಸೆಗೂ ಅಲ್ಲ, ಸ್ವಂತ ಮನಸ್ಸಿನಿಂದ ಕಾಯಬೇಕು ಎಂದು ಪೇತ್ರರು ಬುದ್ಧಿ ಹೇಳುತ್ತಾರೆ. ಒಂದೇ ಪದ ಒಂದು ಕಡೆ ಪಾಪವನ್ನು ಭಾರವಾಗಿಸುತ್ತದೆ, ಇನ್ನೊಂದು ಕಡೆ ಸೇವೆಯನ್ನು ಬೆಲೆಯುಳ್ಳದ್ದಾಗಿಸುತ್ತದೆ.

ಇದೇ ಪದದ ಬೇರಿನಿಂದ ಬಂದ ಇನ್ನೊಂದು ರೂಪ ಸಂತ ಪೌಲರು ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿದೆ. ಫಿಲೆಮೋನನ ದಾಸನಾದ ಒನೇಸಿಮನು ಸೆರೆಯಲ್ಲಿದ್ದ ಪೌಲರ ಬಳಿ ಕ್ರೈಸ್ತನಾಗಿದ್ದ. ಪೌಲರಿಗೆ ಅವನನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವ ಆಸೆ. ಪ್ರೇಷಿತರಾಗಿ ಅಪ್ಪಣೆ ಕೊಡುವ ಅಧಿಕಾರವೂ ಅವರಿಗಿತ್ತು. ಆದರೆ ಅವರು ಅಪ್ಪಣೆ ಕೊಡಲಿಲ್ಲ. ಫಿಲೆಮೋನ ಮಾಡುವ ಉಪಕಾರ ಬಲವಂತದಿಂದ ಆಗಬಾರದು, ಅವನಾಗಿಯೇ ಬಯಸಿ ಮಾಡಿದ್ದಾಗಬೇಕು ಎಂದು 14ನೇ ವಚನದಲ್ಲಿ ಹೇಳಿ ಒನೇಸಿಮನನ್ನು ಹಿಂದಕ್ಕೆ ಕಳುಹಿಸಿದರು. ಒಳ್ಳೆಯ ಕೆಲಸವೂ ಬಲವಂತದಿಂದ ಆದರೆ ಅದರಲ್ಲಿ ಏನೋ ಕೊರತೆ ಉಳಿಯುತ್ತದೆ ಎಂಬುದನ್ನು ಪೌಲರು ಬಲ್ಲವರಾಗಿದ್ದರು.

ಕಾವಿನಿಂದ ಕಳಚಿದ ಕೊಡಲಿ

ಹಳೆಯ ಒಡಂಬಡಿಕೆಯೂ ಈ ವ್ಯತ್ಯಾಸವನ್ನು ಬಹಳ ಕಟ್ಟುನಿಟ್ಟಾಗಿ ಕಾಣುತ್ತದೆ. ಸಂಖ್ಯಾಕಾಂಡದ 15ನೇ ಅಧ್ಯಾಯದಲ್ಲಿ ತಿಳಿಯದೆ ತಪ್ಪು ಮಾಡಿದವನಿಗೆ ಪರಿಹಾರ ಬಲಿ ಇದೆ: ಒಂದು ವರ್ಷದ ಹೆಣ್ಣು ಮೇಕೆ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಬಗೆಯ ತಪ್ಪಿನ ಮಾತೂ ಇದೆ. ಹಿಬ್ರೂ ಭಾಷೆಯಲ್ಲಿ ಅದನ್ನು ಕೈ ಎತ್ತಿ ಮಾಡಿದ ಪಾಪ ಎಂದು ಕರೆದಿದ್ದಾರೆ. ದೇವರ ಮುಂದೆ ಕೈ ಎತ್ತಿ, ಎದೆಯುಬ್ಬಿಸಿ, ಸವಾಲು ಹಾಕುವಂತೆ ಮಾಡಿದ ಪಾಪ. ಅದಕ್ಕೆ ಆ ಮೇಕೆಯ ಬಲಿ ಸಾಲದು.

ಧರ್ಮೋಪದೇಶಕಾಂಡದ 19ನೇ ಅಧ್ಯಾಯದಲ್ಲಿ ಒಂದು ಉದಾಹರಣೆ ಬರುತ್ತದೆ. ಇಬ್ಬರು ಸೌದೆ ಕಡಿಯಲು ಕಾಡಿಗೆ ಹೋಗುತ್ತಾರೆ. ಒಬ್ಬ ಕೊಡಲಿ ಬೀಸುತ್ತಾನೆ. ಕೊಡಲಿ ಕಾವಿನಿಂದ ಕಳಚಿ ಹಾರಿ ಜೊತೆಗಾರನಿಗೆ ತಗಲಿ ಅವನು ಸಾಯುತ್ತಾನೆ. ಇಬ್ಬರ ನಡುವೆ ಹಿಂದೆ ದ್ವೇಷವಿರಲಿಲ್ಲ. ಈಗ ಸತ್ತವನ ಬಂಧುಗಳು ಸೇಡಿಗೆ ಬರುತ್ತಾರೆ. ಅಂಥವನು ಓಡಿಹೋಗಿ ಪ್ರಾಣ ಉಳಿಸಿಕೊಳ್ಳಲೆಂದು ಆರು ಆಶ್ರಯ ನಗರಗಳನ್ನು ಗೊತ್ತುಮಾಡಲಾಯಿತು. ಯೊರ್ದನ್ ನದಿಯ ಪಶ್ಚಿಮಕ್ಕೆ ಕೆದೆಷ್, ಶೆಕೆಮ್, ಹೆಬ್ರೋನ್. ಪೂರ್ವಕ್ಕೆ ಬೆಚೆರ್, ರಾಮೋತ್, ಗೋಲಾನ್. ಆದರೆ ಹೊಂಚುಹಾಕಿ, ಬೇಕೆಂದೇ ಕೊಂದವನಿಗೆ ಅಲ್ಲಿ ಆಶ್ರಯವಿರಲಿಲ್ಲ. ಅಂಥವನು ಬಲಿಪೀಠವನ್ನು ಹಿಡಿದುಕೊಂಡಿದ್ದರೂ ಅವನನ್ನು ಎಳೆದು ತರಬೇಕೆಂದು ವಿಮೋಚನಕಾಂಡದ 21ನೇ ಅಧ್ಯಾಯ ವಿಧಿಸುತ್ತದೆ.

ಆಶ್ಚರ್ಯದ ಸಂಗತಿಯೆಂದರೆ ಇದೇ ಕೊಡಲಿಯನ್ನು ನಮ್ಮ ದೇಶದ ಕಾನೂನಿನಲ್ಲೂ ಕಾಣುತ್ತೇವೆ. 1860ರ ಭಾರತೀಯ ದಂಡ ಸಂಹಿತೆಯ 80ನೇ ಕಲಮಿನಲ್ಲಿ, ಕೆಲಸ ಮಾಡುತ್ತಿದ್ದವನ ಕೊಡಲಿ ಕಳಚಿ ಹತ್ತಿರ ನಿಂತವನನ್ನು ಕೊಂದರೆ ಏನು ಎಂಬುದೇ ಉದಾಹರಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 18ನೇ ಕಲಮಿನಲ್ಲೂ ಅದು ಹಾಗೆಯೇ ಉಳಿದಿದೆ. ತಕ್ಕ ಎಚ್ಚರ ವಹಿಸಿದ್ದರೆ ಅದು ಅಪರಾಧವಲ್ಲ ಎನ್ನುತ್ತದೆ ಕಾನೂನು. ‘ತಕ್ಕ ಎಚ್ಚರ ವಹಿಸಿದ್ದರೆ’ ಎಂಬ ಮಾತನ್ನು ನೆನಪಿಟ್ಟುಕೊಳ್ಳೋಣ. ಮುಂದೆ ಅದು ಬೇಕಾಗುತ್ತದೆ.

ಧರ್ಮಸಭೆಯ ಬೋಧನೆ

ಸಂತ ತೋಮಸ್ ಅಕ್ವಿನಾಸರು ಮನುಷ್ಯನು ಮಾಡುವ ಕೆಲಸಗಳನ್ನು ಎರಡು ಬಗೆಯಾಗಿ ನೋಡುತ್ತಾರೆ. ಏನೋ ಯೋಚಿಸುತ್ತಾ ಗಡ್ಡ ಕೆರೆದುಕೊಳ್ಳುವುದು, ಕಾಲು ಅಲ್ಲಾಡಿಸುವುದು ಇವೆಲ್ಲ ಮನುಷ್ಯನಿಂದ ಆಗುವ ಕೆಲಸಗಳು ನಿಜ. ಆದರೆ ವಿವೇಕ ಮತ್ತು ಇಚ್ಛೆ ಎರಡೂ ಸೇರಿ ಆಗುವ ಕೆಲಸವೇ ನಿಜವಾದ ಅರ್ಥದಲ್ಲಿ ಮಾನವ ಕಾರ್ಯ ಎನ್ನುತ್ತಾರೆ ಅವರು. ಪುಣ್ಯವಾಗಲಿ ಪಾಪವಾಗಲಿ ಹುಟ್ಟುವುದು ಅಲ್ಲಿಂದ.

1992ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು ಹೊರತಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 1857ನೇ ಪರಿಚ್ಛೇದದಲ್ಲಿ ಮಾರಕ ಪಾಪಕ್ಕೆ ಮೂರು ಷರತ್ತುಗಳನ್ನು ಹೇಳುತ್ತದೆ.

1. ವಿಷಯ ಗಂಭೀರವಾದುದಾಗಿರಬೇಕು.
2. ಅದು ಗಂಭೀರವಾದುದು ಎಂಬ ಪೂರ್ಣ ಅರಿವು ಇರಬೇಕು.
3. ಬೇಕೆಂದೇ ಕೊಟ್ಟ ಸಮ್ಮತಿ ಇರಬೇಕು.

ಮೂರೂ ಒಟ್ಟಿಗೆ ಇದ್ದಾಗ ಮಾತ್ರ ಅದು ಮಾರಕ ಪಾಪ. ಅಜ್ಞಾನ, ಅಜಾಗರೂಕತೆ, ಬಲವಂತ, ಭಯ, ಬೇರೂರಿದ ಅಭ್ಯಾಸ ಇವೆಲ್ಲ ಹೊಣೆಗಾರಿಕೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎಂದು ಅದೇ ಗ್ರಂಥ 1735ನೇ ಪರಿಚ್ಛೇದದಲ್ಲಿ ಹೇಳುತ್ತದೆ. ದುರುದ್ದೇಶದಿಂದ, ಕೆಟ್ಟದ್ದನ್ನೇ ಆರಿಸಿಕೊಂಡು ಮಾಡಿದ ಪಾಪವೇ ಎಲ್ಲಕ್ಕಿಂತ ಗಂಭೀರ ಎಂದೂ ಕಲಿಸುತ್ತದೆ.

ಇದು ನಮ್ಮಲ್ಲಿ ಕೆಲವರಿಗೆ ಸಾಂತ್ವನದ ಮಾತು. ಕೆಟ್ಟ ಕನಸು ಬಿತ್ತು, ಪೂಜೆಯ ನಡುವೆ ಕೆಟ್ಟ ಯೋಚನೆ ಬಂತು, ಕಾಯಿಲೆಯಿಂದ ಭಾನುವಾರದ ಪೂಜೆ ತಪ್ಪಿತು ಎಂದು ಕೊರಗುವ ಹಿರಿಯರಿದ್ದಾರೆ. ಯೋಚನೆ ಬರುವುದು ಬೇರೆ, ಅದಕ್ಕೆ ಮಣೆ ಹಾಕಿ ಕೂರಿಸುವುದು ಬೇರೆ. ಬಂದದ್ದನ್ನು ನಾವು ಕರೆದಿರಲಿಲ್ಲ. ಜಪಮಾಲೆ ಹೇಳುವಾಗ ಮನಸ್ಸು ಒಲೆಯ ಮೇಲಿನ ಹಾಲಿನ ಕಡೆಗೆ ಓಡಿತು ಎಂದು ಬೇಸರಪಡುವ ತಾಯಂದಿರಿಗೂ ಸಂತ ತೋಮಸರು ಸಮಾಧಾನ ಹೇಳುತ್ತಾರೆ: ಪ್ರಾರ್ಥಿಸಬೇಕೆಂದು ಮೊದಲು ಮಾಡಿದ ಸಂಕಲ್ಪದ ಬಲ ಇಡೀ ಪ್ರಾರ್ಥನೆಗೆ ಸಾಲುತ್ತದೆ. ಬೇಕೆಂದೇ ಮನಸ್ಸನ್ನು ಅಲೆದಾಡಲು ಬಿಟ್ಟರೆ ಮಾತ್ರ ಅದು ತಪ್ಪು.

‘ಬೇಕೆಂದೇ ಮಾಡಲಿಲ್ಲ’ ಎಂದರೆ ಸಾಕೇ?

ಹಾಗಾದರೆ “ಬೇಕೆಂದೇ ಮಾಡಲಿಲ್ಲ” ಎಂದ ಕೂಡಲೇ ಎಲ್ಲ ಮುಗಿಯಿತೇ? ಇಲ್ಲ. ಆಶ್ರಯ ನಗರಕ್ಕೆ ಓಡಿಹೋದವನು ಬದುಕಿ ಉಳಿಯುತ್ತಿದ್ದ, ನಿಜ. ಆದರೆ ಮಹಾಯಾಜಕನ ಮರಣದವರೆಗೂ ಅವನು ಮನೆಗೆ ಮರಳುವಂತಿರಲಿಲ್ಲ. ಬೇಕೆಂದೇ ಮಾಡದಿದ್ದರೂ ಒಂದು ಜೀವ ಹೋಗಿತ್ತು. ಆ ಜೀವದ ಬೆಲೆಯನ್ನು ಮರೆಯಲು ಧರ್ಮಶಾಸ್ತ್ರ ಬಿಡಲಿಲ್ಲ.

ಅದೇ ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನದಲ್ಲಿ ಮನೆ ಕಟ್ಟುವವನಿಗೆ ಒಂದು ನಿಯಮವಿದೆ. ಮಾಳಿಗೆಯ ಸುತ್ತ ಸಣ್ಣ ಗೋಡೆ ಕಟ್ಟಿಸಬೇಕು. ಇಲ್ಲವಾದರೆ ಯಾರಾದರೂ ಬಿದ್ದು ಸತ್ತ ಪಾಪ ಆ ಮನೆಗೆ ತಗಲುತ್ತದೆ. ಮನೆಯವನು ಯಾರನ್ನೂ ತಳ್ಳಲಿಲ್ಲ. ಬೀಳಲಿ ಎಂದು ಬಯಸಲೂ ಇಲ್ಲ. ಆದರೂ ಹೊಣೆ ಅವನದೇ. ಏಕೆಂದರೆ ಕಟ್ಟಬೇಕಾದ ಗೋಡೆಯನ್ನು ಅವನು ಕಟ್ಟಲಿಲ್ಲ.

ನಮ್ಮ ದಿನಗಳಿಗೆ ಬರೋಣ. ಕುಡಿದು ಗಾಡಿ ಓಡಿಸಿ ಯಾರಿಗೋ ಗುದ್ದಿದವನು “ಬೇಕೆಂದೇ ಗುದ್ದಲಿಲ್ಲ” ಎನ್ನುತ್ತಾನೆ. ಗುದ್ದಿದ್ದು ಬೇಕೆಂದೇ ಅಲ್ಲದಿರಬಹುದು. ಆದರೆ ಕುಡಿದದ್ದು ಬೇಕೆಂದೇ, ಕೀಲಿ ತಿರುವಿದ್ದು ಬೇಕೆಂದೇ. ಕುಡಿತದಿಂದ ಅಥವಾ ವೇಗದ ಹುಚ್ಚಿನಿಂದ ರಸ್ತೆಯಲ್ಲಿ ತನ್ನ ಮತ್ತು ಇತರರ ಜೀವಕ್ಕೆ ಅಪಾಯ ತರುವವರು ಗಂಭೀರ ದೋಷಕ್ಕೆ ಗುರಿಯಾಗುತ್ತಾರೆ ಎಂದು ಧರ್ಮೋಪದೇಶ ಗ್ರಂಥ 2290ನೇ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಹೇಳಿದೆ. ಹದಿನಾರರ ಹುಡುಗನ ಕೈಗೆ ಬೈಕಿನ ಕೀಲಿ ಕೊಡುವ ತಂದೆತಾಯಿಯೂ ಈ ಮಾತನ್ನು ಕೇಳಿಸಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆಯೂ ಬೇಕು. ಒಳ್ಳೆಯ ಉದ್ದೇಶವೊಂದೇ ಕೆಟ್ಟ ಕೆಲಸವನ್ನು ಒಳ್ಳೆಯದಾಗಿಸಲಾರದು. ಮಗಳ ಮದುವೆಗೆಂದು ಸುಳ್ಳು ಲೆಕ್ಕ ಬರೆಯುವುದು, ದೇವಾಲಯಕ್ಕೆ ಕಾಣಿಕೆ ಕೊಡಲೆಂದು ಕೂಲಿಯವರ ಸಂಬಳ ಹಿಡಿಯುವುದು ಇವೆಲ್ಲ ಗುರಿ ಚೆನ್ನಾಗಿದ್ದರೂ ದಾರಿ ಕೆಟ್ಟವು. ಹಾಗೆಯೇ ಬಡವರಿಗೆ ಕೊಡುವುದು ಒಳ್ಳೆಯ ಕೆಲಸವಾದರೂ, ಜನ ಹೊಗಳಲಿ ಎಂದೇ ಕೊಟ್ಟರೆ ಉದ್ದೇಶ ಆ ಕೆಲಸವನ್ನು ಕೆಡಿಸುತ್ತದೆ. ಕೆಲಸವೂ ನೆಟ್ಟಗಿರಬೇಕು, ಉದ್ದೇಶವೂ ನೆಟ್ಟಗಿರಬೇಕು.

ಸಂಸ್ಕಾರಗಳಲ್ಲಿ

ನಮ್ಮ ಸಂಸ್ಕಾರಗಳೂ ಈ ಪದದ ಮೇಲೆ ನಿಂತಿವೆ. ಧರ್ಮಸಭೆ ಮಾಡುವುದನ್ನು ತಾನೂ ಮಾಡಬೇಕು ಎಂಬ ಉದ್ದೇಶ ಸಂಸ್ಕಾರವನ್ನು ಕೊಡುವವರಿಗೆ ಇರಬೇಕು ಎಂದು 1547ರಲ್ಲಿ ಟ್ರೆಂಟ್ ಮಹಾಸಭೆ ಸಾರಿತು. ನಾಟಕದ ವೇದಿಕೆಯಲ್ಲಿ ಯಾಜಕನ ವೇಷ ಹಾಕಿದವನು ನೀರು ಸುರಿದರೆ ಅದು ಜ್ಞಾನಸ್ನಾನವಾಗುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಮಗು ಸಾಯುವ ಸ್ಥಿತಿಯಲ್ಲಿದ್ದಾಗ, ಯಾಜಕರು ಸಿಗದಿದ್ದಾಗ, ಯಾರಾದರೂ ಸರಿ, ಕ್ರೈಸ್ತಳಲ್ಲದ ದಾದಿಯೂ ಸರಿ, ಸರಿಯಾದ ಉದ್ದೇಶದಿಂದ ನೀರು ಸುರಿದು ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದು. ಧರ್ಮಸಭೆಯ ಕಾನೂನಿನ 861ನೇ ನಿಯಮ ಇದಕ್ಕೆ ಅವಕಾಶ ಕೊಟ್ಟಿದೆ. ಉದ್ದೇಶಕ್ಕಿರುವ ಬಲ ಎಂಥದ್ದು ನೋಡಿ!

ವಿವಾಹದಲ್ಲಂತೂ ಇದೇ ಜೀವಾಳ. ಪೀಠದ ಮುಂದೆ ನಿಂತ ವಧೂವರರನ್ನು ಗುರುಗಳು ಮೊದಲು ಕೇಳುವುದು, ಯಾರ ಒತ್ತಾಯವೂ ಇಲ್ಲದೆ ಸ್ವಂತ ಇಚ್ಛೆಯಿಂದ ಬಂದಿದ್ದಾರೆಯೇ ಎಂಬುದನ್ನು. ಇದು ಬರೀ ಶಾಸ್ತ್ರಕ್ಕೆ ಕೇಳುವ ಪ್ರಶ್ನೆಯಲ್ಲ. ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿ, ಅದನ್ನು ಅವರ ಬದಲಿಗೆ ಬೇರೆ ಯಾವ ಮಾನವ ಶಕ್ತಿಯೂ ಕೊಡಲಾರದು ಎನ್ನುತ್ತದೆ 1057ನೇ ನಿಯಮ. ಬಲವಂತದಿಂದ ಅಥವಾ ಹೊರಗಿನಿಂದ ಹೇರಿದ ಭಾರೀ ಭಯದಿಂದ ಆದ ವಿವಾಹ ಅಸಿಂಧು ಎನ್ನುತ್ತದೆ 1103ನೇ ನಿಯಮ. ಅಪ್ಪನ ಕಾಯಿಲೆ, ಅಮ್ಮನ ಕಣ್ಣೀರು, ಮನೆತನದ ಮಾನ ಇವುಗಳನ್ನು ಮುಂದಿಟ್ಟು ಮಗಳ ಬಾಯಿಂದ ‘ಹೂಂ’ ಎನಿಸುವ ಮುಂಚೆ ನಾವು ಯೋಚಿಸಬೇಕು. ಪೀಠದ ಮುಂದೆ ಅವಳು ಆಡುವ ಮಾತು ಅವಳದೇ ಆಗಿರಬೇಕು, ನಮ್ಮದಾಗಬಾರದು.

ಅತ್ಯಂತ ನೋವಿನ ಜಾಗ

ಈ ಪದದ ಭಾರವನ್ನು ಎಲ್ಲರಿಗಿಂತ ಹೆಚ್ಚಾಗಿ ಹೊತ್ತವರು, ಮನೆಯವರೊಬ್ಬರನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡ ಕುಟುಂಬಗಳು. 1917ರ ಧರ್ಮಸಭೆಯ ಕಾನೂನಿನ 1240ನೇ ನಿಯಮವು, ಬುದ್ಧಿಪೂರ್ವಕವಾಗಿ ತಮ್ಮ ಪ್ರಾಣ ತೆಗೆದುಕೊಂಡವರಿಗೆ ಧರ್ಮಸಭೆಯ ಭೂಸ್ಥಾಪನೆಯನ್ನು ನಿರಾಕರಿಸಿತ್ತು. ಆ ಕಾಲದ ಮಾತುಗಳು ಇಂದಿಗೂ ಕೆಲವರ ಬಾಯಲ್ಲಿ ಉಳಿದಿವೆ. “ಬೇಕೆಂದೇ ಮಾಡಿಕೊಂಡದ್ದು, ಅವರಿಗೇಕೆ ಪೂಜೆ?” ಎಂದು ಕೇಳುವವರಿದ್ದಾರೆ.

ಆದರೆ 1983ರ ಕಾನೂನಿನಲ್ಲಿ ಆ ಸಾಲು ಇಲ್ಲ. ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿಯಿಂದ ಅವರನ್ನು ಕೈಬಿಡಲಾಗಿದೆ. ಏಕೆ? ಪ್ರಾಣ ದೇವರ ಕೊಡುಗೆ, ಅದನ್ನು ತೆಗೆದುಕೊಳ್ಳುವ ಅಧಿಕಾರ ನಮಗಿಲ್ಲ ಎಂಬ ಬೋಧನೆ ಬದಲಾಗಿಲ್ಲ. ಆದರೆ ತೀವ್ರ ಮಾನಸಿಕ ವೇದನೆ, ಸಂಕಟ, ಭಯ ಮನುಷ್ಯನ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲವು ಎಂಬುದನ್ನು ಧರ್ಮಸಭೆ ಒಪ್ಪುತ್ತದೆ. ಅಂಥವರ ನಿತ್ಯಜೀವದ ಬಗ್ಗೆ ನಿರಾಶರಾಗಬಾರದು, ದೇವರು ತಾವೇ ಬಲ್ಲ ದಾರಿಯಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲರು ಎಂದು ಧರ್ಮೋಪದೇಶ ಗ್ರಂಥ 2283ನೇ ಪರಿಚ್ಛೇದದಲ್ಲಿ ಹೇಳಿ, ಅವರಿಗಾಗಿ ಪ್ರಾರ್ಥಿಸುತ್ತದೆ. ಕಾಲು ಮುರಿದವನಿಗೆ “ಬೇಕೆಂದೇ ಓಡಲಿಲ್ಲ” ಎನ್ನುತ್ತೇವೆಯೇ? ಮನಸ್ಸು ಮುರಿದವರ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಅಂಥ ಮನೆಯ ಬಾಗಿಲಿಗೆ ಹೋಗುವಾಗ ‘ಬೇಕೆಂದೇ’ ಎಂಬ ಪದವನ್ನು ಹೊರಗೇ ಬಿಟ್ಟು ಹೋಗೋಣ. ನಮ್ಮ ನಡುವೆ ಯಾರಿಗಾದರೂ ಬದುಕು ಬೇಡವೆನಿಸುತ್ತಿದ್ದರೆ, ದಯವಿಟ್ಟು ಮನೆಯವರಿಗೆ, ಗುರುಗಳಿಗೆ, ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಇತರರ ಮನಸ್ಸನ್ನು ಓದುವವರು ನಾವು!

ಈಗ ನಮ್ಮ ಮನೆಗಳಿಗೆ ಬರೋಣ. ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಬಿಟ್ಟುಹೋಯಿತು. ನಾಮಕರಣದ ಊಟಕ್ಕೆ ಅತ್ತಿಗೆಗೆ ಫೋನಿನಲ್ಲಿ ಕರೆದರು, ಮನೆಗೆ ಬಂದು ಕರೆಯಲಿಲ್ಲ. ಹಬ್ಬದ ದಿನ ದೇವಾಲಯದ ಅಂಗಳದಲ್ಲಿ ಎದುರು ಸಿಕ್ಕರೂ ಮಾತಾಡಿಸಲಿಲ್ಲ. ಕೂಡಲೇ ತೀರ್ಪು ಬರುತ್ತದೆ: “ಬೇಕಂತಲೇ ಹಾಗೆ ಮಾಡಿದ್ದು.” ಅಲ್ಲಿಗೆ ಮಾತು ನಿಲ್ಲುತ್ತದೆ. ಹತ್ತು ವರ್ಷ, ಇಪ್ಪತ್ತು ವರ್ಷ. ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುವ ಎರಡು ಮನೆಗಳವರು ಸಮಾಧಾನದ ಕೈಮುಗಿಯುವ ಹೊತ್ತಿಗೆ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಮಕ್ಕಳಿಗೆ ಜಗಳದ ಕಾರಣವೇ ಗೊತ್ತಿರುವುದಿಲ್ಲ, ಆದರೂ ಅವರು ಅದನ್ನು ಆಸ್ತಿಯಂತೆ ಪಡೆದುಕೊಳ್ಳುತ್ತಾರೆ.

ಹೆಸರು ಬಿಟ್ಟುಹೋದದ್ದು ಅಚ್ಚುಕೂಟದ ಕಣ್ತಪ್ಪಿರಬಹುದು. ಅಂಗಳದಲ್ಲಿ ಮಾತಾಡಿಸದವರ ಮನಸ್ಸು ಆಸ್ಪತ್ರೆಯ ವರದಿಯೊಂದರ ಚಿಂತೆಯಲ್ಲಿದ್ದಿರಬಹುದು. ಕೆಲಸವನ್ನು ನಾವು ಕಣ್ಣಾರೆ ಕಂಡಿದ್ದೇವೆ; ‘ಬೇಕು’ ಎಂದ ಮನಸ್ಸನ್ನು ಕಂಡಿಲ್ಲ. ಅದನ್ನು ಕಾಣುವವರು ದೇವರು ಮಾತ್ರ. ಸಾಕಷ್ಟು ಆಧಾರವಿಲ್ಲದೆ ನೆರೆಯವರಲ್ಲಿ ದೋಷವಿದೆಯೆಂದು ಮನಸ್ಸಿನಲ್ಲೇ ನಂಬಿಬಿಡುವುದನ್ನು ಧರ್ಮಸಭೆ ದುಡುಕಿನ ತೀರ್ಪು ಎಂದು ಕರೆದು, ಎಂಟನೇ ಆಜ್ಞೆಯ ವಿರುದ್ಧದ ಪಾಪಗಳಲ್ಲಿ ಸೇರಿಸಿದೆ.

ಲೊಯೋಲದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದ ಆರಂಭದಲ್ಲೇ ಒಂದು ಸೂತ್ರ ಕೊಟ್ಟಿದ್ದಾರೆ. ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಕೊಡಲು ಕ್ರೈಸ್ತನು ಹೆಚ್ಚು ಸಿದ್ಧನಿರಬೇಕು. ಆಗದಿದ್ದರೆ, ಹೇಗೆ ಅರ್ಥಮಾಡಿಕೊಳ್ಳಬೇಕೆಂದು ಅವನನ್ನೇ ಕೇಳಬೇಕು. ತಪ್ಪಿದ್ದರೆ ಪ್ರೀತಿಯಿಂದ ತಿದ್ದಬೇಕು. ನಮ್ಮ ಎಷ್ಟು ಜಗಳಗಳಲ್ಲಿ ಆ ‘ಕೇಳುವುದು’ ನಡೆದಿದೆ?

ಒಂದುವೇಳೆ ಅವರು ನಿಜವಾಗಿಯೂ ಬೇಕೆಂದೇ ಮಾಡಿದ್ದರೆ? ಆಗಲೂ ದಾರಿ ಇದೆ. ಕೈತಪ್ಪಿ ಆದದ್ದಕ್ಕೆ ವಿವರಣೆ ಸಾಕು. ಕ್ಷಮೆ ಇರುವುದೇ ಬೇಕೆಂದು ಮಾಡಿದ್ದಕ್ಕಾಗಿ. ನೋವು ಸಣ್ಣದೆಂದು ಇದರ ಅರ್ಥವಲ್ಲ. ಶಿಲುಬೆಯ ಮೇಲಿದ್ದ ಪ್ರಭು ತಮ್ಮನ್ನು ಕೊಲ್ಲುತ್ತಿದ್ದವರ ಅರಿವಿನ ಕೊರತೆಯನ್ನೇ ಮುಂದಿಟ್ಟು ತಂದೆಯ ಬಳಿ ಅವರಿಗಾಗಿ ಬೇಡಿಕೊಂಡರು. ಮೊಳೆ ಹೊಡೆದವರ ಪರವಾಗಿ ಸಿಕ್ಕ ಒಂದೇ ಒಂದು ಕಾರಣವನ್ನೂ ಅವರು ಬಿಟ್ಟುಕೊಡಲಿಲ್ಲ.

ಬೇಕೆಂದೇ ಪ್ರೀತಿಸಿದ ಪ್ರಭು

ಪವಿತ್ರ ವಾರದ ಗುಟ್ಟು ಇರುವುದು ಇಲ್ಲಿ. ಯೇಸುವಿನ ಮರಣ ಆಕಸ್ಮಿಕವಲ್ಲ. ಯೂದನ ಹಣದಾಸೆ, ಪಿಲಾತನ ಅಂಜಿಕೆ, ಜನರ ಕೂಗು ಇವೆಲ್ಲ ಸೇರಿ ಪಾಪ, ಏನೋ ನಡೆದುಹೋಯಿತು ಎಂಬಂಥ ಕಥೆ ಅದಲ್ಲ. ಯೊವಾನ್ನರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಪ್ರಭು ತಾವೇ ತಿಳಿಸುತ್ತಾರೆ: ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾವಾಗಿಯೇ ಅದನ್ನು ಕೊಡುತ್ತಿದ್ದಾರೆ. ಲೂಕರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಅವರು ಜೆರುಸಲೇಮಿನ ಕಡೆಗೆ ದೃಢಮನಸ್ಸಿನಿಂದ ಮುಖಮಾಡುತ್ತಾರೆ. ಗೆತ್ಸೆಮನಿ ತೋಪಿನಲ್ಲಿ ಬೆವರು ರಕ್ತದ ಹನಿಗಳಂತೆ ಬೀಳುತ್ತಿದ್ದಾಗ ಓಡಿಹೋಗಲು ಕತ್ತಲಿತ್ತು, ದಾರಿಯಿತ್ತು. ಅವರು ಹೋಗಲಿಲ್ಲ. ತಂದೆಯ ಚಿತ್ತಕ್ಕೆ ‘ಬೇಕು’ ಎಂದರು. ಬಲಿಪೂಜೆಯ ಎರಡನೇ ಪರಮಪ್ರಸಾದ ಪ್ರಾರ್ಥನೆಯಲ್ಲಿ, ಅವರು ಸ್ವಇಚ್ಛೆಯಿಂದ ಪಾಡುಗಳನ್ನು ಅಪ್ಪಿಕೊಂಡರು ಎಂಬುದನ್ನು ಗುರುಗಳು ರೊಟ್ಟಿಯನ್ನು ಕೈಗೆತ್ತಿಕೊಳ್ಳುವ ಮುಂಚೆ ನೆನಪಿಸುತ್ತಾರೆ. ಇನ್ನು ಮುಂದೆ ಆ ಮಾತಿಗೆ ಕಿವಿಗೊಡೋಣ.

ಅವರಿಗೂ ಮುಂಚೆ ನಜರೇತಿನ ಕನ್ಯೆಯೊಬ್ಬಳು ದೇವದೂತನಿಗೆ ‘ಆಗಲಿ’ ಎಂದಿದ್ದಳು. ದೇವರು ಮಾತೆ ಮರಿಯಮ್ಮನವರನ್ನೂ ಬಲವಂತಪಡಿಸಲಿಲ್ಲ. ಉತ್ತರಕ್ಕಾಗಿ ಕಾದರು.

ಹಾಗಾದರೆ ಪಾಸ್ಖ ಹಬ್ಬಕ್ಕೆ ಮುಂಚೆ ನಾವೇನು ಮಾಡೋಣ? ಮೂರು ಚಿಕ್ಕ ಕೆಲಸಗಳು ಸಾಕು.

ಒಂದು: ಪಾಪನಿವೇದನೆಗೆ ಹೋಗುವಾಗ, ಬೇಕೆಂದೇ ಮಾಡಿದ್ದನ್ನು ಬೇಕೆಂದೇ ಮಾಡಿದೆನೆಂದು ನೇರವಾಗಿ ಹೇಳೋಣ. “ಏನೋ ಆಗಿಹೋಯಿತು ಸ್ವಾಮಿ” ಎಂದು ಮರೆಮಾಡುವುದು ಬೇಡ. ಬೇಕೆಂದೇ ಮಾಡದ್ದಕ್ಕೆ ಇಲ್ಲದ ಭಾರ ಹೊರುವುದೂ ಬೇಡ.

ಎರಡು: “ಅವರು ಬೇಕೆಂದೇ ಮಾಡಿದರು” ಎಂದು ನಾವು ಕಟ್ಟಿಟ್ಟಿರುವ ಒಂದು ಹಳೆಯ ಗಂಟನ್ನು ಬಿಚ್ಚೋಣ. ಆ ಮನೆಗೆ ಹೋಗಿ ಕೇಳೋಣ, ಇಲ್ಲವೇ ಕ್ಷಮಿಸೋಣ.

ಮೂರು: ಈ ಪದವನ್ನು ಒಳ್ಳೆಯ ಕೆಲಸಕ್ಕೆ ಬಳಸಲು ಆರಂಭಿಸೋಣ. ಕೆಟ್ಟದ್ದನ್ನು ಎಷ್ಟು ಯೋಚಿಸಿ ಮಾಡುತ್ತೇವೋ ಒಳ್ಳೆಯದನ್ನೂ ಅಷ್ಟೇ ಯೋಚಿಸಿ ಮಾಡೋಣ. ಹಾಸಿಗೆ ಹಿಡಿದ ಅಜ್ಜಿಯ ಬಳಿ ದಾರಿಯಲ್ಲಿ ಸಿಕ್ಕಿತೆಂದು ಇಣುಕುವುದಲ್ಲ, ಬೇಕೆಂದೇ ಹೋಗಿ ಅರ್ಧ ಗಂಟೆ ಕೂರೋಣ. ಪೂಜೆಯ ನಂತರ ಒಂಟಿಯಾಗಿ ನಿಂತವರನ್ನು ಬೇಕೆಂದೇ ಮಾತಾಡಿಸೋಣ. ಸಿಟ್ಟು ಬಂದಾಗ ಬೇಕೆಂದೇ ಸುಮ್ಮನಿರೋಣ.

ನಮ್ಮ ಸೃಷ್ಟಿಗೂ ನಮ್ಮ ವಿಮೋಚನೆಗೂ ‘ಬೇಕು’ ಎಂದ ದೇವರು, ಅವರಿಗೆ ‘ಬೇಕು’ ಎನ್ನುವ ಮನಸ್ಸನ್ನು ನಮಗೂ ಕೊಡಲಿ. ನಿಮ್ಮೆಲ್ಲರ ಕುಟುಂಬಗಳಿಗೆ ಪುನರುತ್ಥಾನ ಹಬ್ಬದ ಶಾಂತಿ ದೊರಕಲಿ. ಆಮೆನ್.